ಬೂಷ್ಟು ಹಿಡಿದ ಡಿವಿಡಿಯಿಂದ ಇಡೀ ಆಟವನ್ನು ಉಳಿಸಿಕೊಳ್ಳುವ ಬಗೆ

ಬದಿಯಡ್ಕದ ನಮ್ಮ ಮನೆಯಂಗಳದಲ್ಲಿ ಹರಕೆಯ ಯಕ್ಷಗಾನ ಬಯಲಾಟ ನಡೆದಾಗ ವಿಡಿಯೊದವರು ಇಡೀ ರಾತ್ರಿ ಚಿತ್ರೀಕರಿಸಿ ನಾಲ್ಕು ಡಿವಿಡಿ ಮಾಡಿಕೊಟ್ಟಿದ್ದರು. ಸೋದರಮಾವ ಚೆಂಡೆಗೆ ನಿಂತ ಕೊನೆಯ ಆಟ ಅದು. ಕಳೆದ ಆಟಿ ತಿಂಗಳಲ್ಲಿ ಕವರು ಬಿಚ್ಚಿ ನೋಡಿದರೆ ಮೂರನೆಯ ಡಿಸ್ಕಿನ ಅಂಚಿಗೆ ಬೂಷ್ಟು ಹತ್ತಿತ್ತು. ನಿಮ್ಮಲ್ಲೂ ಇಂಥವು ಇದ್ದರೆ ಮುಂದಿನ ಮಳೆಗಾಲಕ್ಕೆ ಕಾಯಬೇಡಿ.

ಮೊದಲು ಒದ್ದೆ ಮಾಡಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಲೇಬಾರದು. ದಾಖಲೆಯ ಜಾಡು ಸುರುಳಿಯಾಗಿ ಸಾಗುತ್ತದೆ. ಅದರ ಉದ್ದಕ್ಕೇ ಗೀರು ಬಿದ್ದರೆ ಓದಿಸುವುದು ಬಹಳ ಕಷ್ಟ.

ಡಿಸ್ಕಿನೊಳಗೆ ದೃಶ್ಯಗಳು ವಿಒಬಿ ಫೈಲುಗಳಲ್ಲಿ, ಹೆಚ್ಚೆಂದರೆ 1 ಜಿಬಿಯ ತುಂಡುಗಳಾಗಿ ಇರುತ್ತವೆ. ಮೆನುವಿನ ಕೊಂಡಿಗಳು, ತುಂಡುಗಳ ಕ್ರಮ ಎಲ್ಲ ಐಎಫ್‌ಒ ಫೈಲುಗಳಲ್ಲಿ. ನಾನು ಮೊದಲ ಸಲ ವಿಒಬಿ ಮಾತ್ರ ನಕಲು ಮಾಡಿ, ಪ್ರಸಂಗದ ಭಾಗಗಳನ್ನು ತೋರಿಸುವ ಮೆನುವನ್ನೇ ಕಳೆದುಕೊಂಡೆ. ಆದ್ದರಿಂದ ಇಡೀ ಡಿಸ್ಕನ್ನು ಒಂದೇ ಐಎಸ್‌ಒ ಫೈಲಾಗಿ, ಅಂದರೆ ಡಿಸ್ಕಿನ ಪೂರ್ತಿ ಪಡಿಯಚ್ಚಾಗಿ, ತೆಗೆಯಿರಿ. ವಿಂಡೋಸಿನಲ್ಲಿ ಇಮ್ಗ್‌ಬರ್ನ್ ಎಂಬ ತಂತ್ರಾಂಶ ಸಾಕು: ಡಿಸ್ಕಿನಿಂದ ಇಮೇಜ್ ಫೈಲ್ ಮಾಡುವ ಆಯ್ಕೆ ಒತ್ತಿ, ಉಳಿಸುವ ಜಾಗ ತೋರಿಸಿ. ಅಂಗಡಿಯಿಂದ ಕೊಂಡ ಸಿನಿಮಾ ಡಿಸ್ಕುಗಳಿಗೆ ಬೀಗವಿರುತ್ತದೆ. ಅವು ಈ ದಾರಿಗೆ ಬರುವುದಿಲ್ಲ.

ಒಂದು ಪದರದ ಡಿಸ್ಕು 4.7 ಜಿಬಿ, ಎರಡು ಪದರದ್ದು 8.5 ಜಿಬಿ. ಪೆನ್‌ಡ್ರೈವಿಗೆ ಹಾಕುವವರು ಗಮನಿಸಿ: ಫ್ಯಾಟ್32 ರೂಪದ ಡ್ರೈವು 4 ಜಿಬಿಗಿಂತ ದೊಡ್ಡ ಫೈಲನ್ನು ಹಿಡಿಯುವುದಿಲ್ಲ. ಅದನ್ನು ಫಾರ್ಮ್ಯಾಟ್ ಮಾಡಿ ಎಕ್ಸ್‌ಫ್ಯಾಟ್ ರೂಪಕ್ಕೆ ಬದಲಿಸಬೇಕು. ಬದಲಿಸುವಾಗ ಒಳಗಿರುವುದೆಲ್ಲ ಅಳಿಯುತ್ತದೆ.

ಮೂರನೆಯ ಡಿಸ್ಕು ಇಮ್ಗ್‌ಬರ್ನಿಗೆ ಬಗ್ಗಲಿಲ್ಲ. ಕೆಟ್ಟ ಡಿಸ್ಕಿನಿಂದ ಓದಿ ತೆಗೆಯುವ ಲಿನಕ್ಸಿನ ತಂತ್ರಾಂಶ ಡಿಡಿರೆಸ್ಕ್ಯೂ ಹಚ್ಚಿದೆ. ಅದು ಸುಲಭವಾಗಿ ಓದಲು ಸಿಗುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗಗಳಿಗೆ ಆಮೇಲೆ ಮರಳುತ್ತದೆ. ಬ್ಲಾಕಿನ ಗಾತ್ರ 2048 ಬೈಟ್ ಎಂದು ಕೊಡಿ, ಎಲ್ಲೆಲ್ಲಿ ಓದಿ ಆಯಿತೆಂದು ಬರೆದಿಡುವ ಮ್ಯಾಪ್ ಫೈಲಿಗೂ ಒಂದು ಹೆಸರು ಕೊಡಿ. ಆಗ ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಯಬಹುದು. ರಾತ್ರಿಯಿಡೀ ಬಿಟ್ಟೆ.

ಬೆಳಿಗ್ಗೆ ವಿಎಲ್‌ಸಿ ಪ್ಲೇಯರಿನಲ್ಲಿ ಐಎಸ್‌ಒ ತೆರೆದು ಮೊದಲು ಕೊನೆಯ ಭಾಗವನ್ನೇ ನೋಡಿದೆ. ಒಂದು ಪದರದ ಡಿವಿಡಿ ಒಳಗಿನಿಂದ ಹೊರಕ್ಕೆ ತುಂಬುತ್ತದೆ. ಅಂಚು ಕೆಟ್ಟರೆ ಪೆಟ್ಟು ಬೀಳುವುದು ಕೊನೆಗೆ. ಯುದ್ಧದ ನಡುವೆ ಚಿತ್ರ ಚೌಕಚೌಕವಾಗಿ ಒಡೆದು ಮತ್ತೆ ಕೂಡಿಕೊಂಡಿತು. ರಂಗದ ಬದಿಯಲ್ಲಿ ಮಾವ ತಲೆ ತುಸು ವಾಲಿಸಿ, ಕಣ್ಣು ವೇಷದ ಕಾಲಿನ ಮೇಲಿಟ್ಟು ಬಾರಿಸುತ್ತಿದ್ದರು.

ನಾಲ್ಕೂ ಫೈಲುಗಳ ಒಂದು ಪ್ರತಿ ನಮ್ಮ ಹಾರ್ಡ್‌ಡಿಸ್ಕಿನಲ್ಲಿದೆ. ಇನ್ನೊಂದನ್ನು ಕುಂಬಳೆಗೆ ಒಯ್ದು ಅತ್ತೆಯ ಕೈಗೆ ಕೊಟ್ಟೆ.