ರಿವ್ಯೂ ಓದುವ ಮುಂಚೆ ಗಂಟೆ ನೋಡಿ: ಬೆರಕೆ ಆಟದ ಜೊತೆ ನನ್ನ ಅನುಭವ

ಎರಡು ಮೂರು ಬಗೆ ಬೆರೆಸಿ ವಿಡಿಯೋ ಗೇಮ್ ಮಾಡುವವರು ಆಟಗಾರರ ಅಭಿಪ್ರಾಯ ಕೇಳಲೇಬಾರದು ಅನ್ನೋದು ಗೇಮ್ ಮಾಡುವ ನಮ್ಮ ಬೆಂಗಳೂರಿನ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರ ವಾದ. ತಾಳದ ಆಟ ಇಷ್ಟಪಡುವವನು ವ್ಯವಹಾರ ತೆಗಿ ಅಂತಾನೆ. ವ್ಯವಹಾರ ಇಷ್ಟಪಡುವವನು ತಾಳ ತೆಗಿ ಅಂತಾನೆ. ಇಬ್ಬರ ಮಾತೂ ಕೇಳಿದರೆ ಕೊನೆಗೆ ಮೆನು ಮಾತ್ರ ಉಳಿಯುತ್ತದೆ. ನಾನು ಮಾತ್ರ ಕೇಳಿದೆ. ಅದಕ್ಕೂ ಮೊದಲು, ಬೇರೆಯವರ ಆಟದ ಬಗ್ಗೆ ಜನ ಬರೆದದ್ದನ್ನು ತಿಂಗಳುಗಟ್ಟಲೆ ಕೂತು ಓದಿದೆ. "ಅವರ ರಿವ್ಯೂ ಓದಿ ನಿನ್ನ ಆಟ ಸರಿ ಮಾಡ್ತೀಯಾ?" ಅಂತ ನಗಾಡಿದರು. ನನ್ನ ಡೆಮೊದ ಮೀಡಿಯನ್ ಸಮಯ (ಅರ್ಧ ಜನ ಅದಕ್ಕಿಂತ ಕಮ್ಮಿ, ಅರ್ಧ ಜನ ಜಾಸ್ತಿ ಆಡಿದ ನಡುವಿನ ಲೆಕ್ಕ) 12 ನಿಮಿಷದ ಆಸುಪಾಸಿನಿಂದ 40 ದಾಟಿದ ಮೇಲೆ ನಗಾಡಿದವರೇ, ರಿವ್ಯೂ ಓದಿ ಬರೆದಿಟ್ಟ ಶೀಟ್ ಕಳಿಸು ಅಂತ ಮೆಸೇಜ್ ಹಾಕುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ನನ್ನದು ಯಕ್ಷಗಾನ ಮೇಳದ ತಿರುಗಾಟದ ಆಟ. ಹಗಲು ಊರೂರು ತಿರುಗಬೇಕು, ಜನರ ಜೊತೆ ಮಾತಾಡಬೇಕು, ಹರಕೆ ಆಟ, ಅಂದರೆ ಹರಕೆಗೆ ಆಡಿಸುವ ಪ್ರದರ್ಶನ, ಗೊತ್ತು ಮಾಡಬೇಕು. ರಾತ್ರಿ ಚೆಂಡೆ ಮದ್ದಳೆಯ ಬಡಿತಕ್ಕೆ ಸರಿಯಾಗಿ ವೇಷವನ್ನು ಕುಣಿಸಬೇಕು. ನಡುವೆ ಸಂಬಳ, ಲಾರಿ ಬಾಡಿಗೆ, ವೇಷಭೂಷಣದ ರಿಪೇರಿ. ಅಡ್ವೆಂಚರ್, ರಿದಂ, ಮ್ಯಾನೇಜ್‌ಮೆಂಟ್ ಮೂರೂ ಇದೆ. ಗೇಮ್ ಮಾಡುವ ಸಾಫ್ಟ್‌ವೇರ್ ಗೊಡೋದಲ್ಲಿ ಕಟ್ಟಿದ್ದು.

ಮೊದಲು ದುಡ್ಡು ಹೋದ ದಾರಿ ಹೇಳುತ್ತೇನೆ. ಒಂದು ಆನ್‌ಲೈನ್ ಟೆಸ್ಟಿಂಗ್ ಸೇವೆಗೆ ಸುಮಾರು 25 ಸಾವಿರ ಕೊಟ್ಟೆ. ಚಂದದ ಪಿಡಿಎಫ್ ಬಂತು. ಎಲ್ಲ ಪ್ರಶ್ನೆಗೂ ಐದಕ್ಕೆ ನಾಲ್ಕು. ದುಡ್ಡು ತಗೊಂಡು ಆಡುವವರು ಬೇಜಾರಾದರೂ ಬಿಟ್ಟು ಹೋಗುವುದಿಲ್ಲ. ನನಗೆ ಬೇಕಿದ್ದದ್ದು ಬಿಟ್ಟು ಹೋಗುವ ಜಾಗ. ಆಮೇಲೆ ಪ್ರಚಾರ ಮಾಡಿಕೊಡುತ್ತೇವೆ ಅಂದ ಒಂದು ಏಜೆನ್ಸಿಗೆ ಇನ್ನೊಂದು 30 ಸಾವಿರ. ಮುಂದೆ ಆಟ ಬಿಡುಗಡೆಯಾದಾಗ ನೂರಾರು ಕೀ, ಅಂದರೆ ಆಟ ತೆರೆಯುವ ಪುಕ್ಕಟೆ ಕೋಡ್, ಹಂಚಿ ರಿವ್ಯೂ ಬರೆಸುತ್ತೇವೆ ಅನ್ನೋದು ಅವರ ಯೋಜನೆ. ಕೀ ಹಾಕಿ ಆಡಿದವರ ರಿವ್ಯೂ 2016ರಿಂದ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಸ್ಕೋರಿಗೆ ಲೆಕ್ಕಕ್ಕೇ ಬರುವುದಿಲ್ಲ ಅಂತ ಹೇಳಿದರೆ ಆ ಕಡೆಯಿಂದ ಫೋನೇ ಇಲ್ಲ. ಗೆಳೆಯರ ಅಭಿಪ್ರಾಯ ಪುಕ್ಕಟೆ, ಬೆಲೆಯೂ ಅಷ್ಟೇ. ನಮ್ಮ ಪಕ್ಕದ ಮನೆಯ ಹುಡುಗ "ಸೂಪರ್ ಅಣ್ಣಾ" ಅಂತಲೇ ಇದ್ದ, ಅವನ ಕಿರುಬೆರಳು ಆಟ ನಿಲ್ಲಿಸುವ ಎಸ್ಕೇಪ್ ಕೀ ಮೇಲೆ ಕುಣಿಯುತ್ತಿತ್ತು. ಆ ಬೆರಳೇ ನನಗೆ ಸಿಕ್ಕ ಮೊದಲ ನಿಜವಾದ ರಿವ್ಯೂ.

ಡೇವ್ ದಿ ಡೈವರ್ ಅನ್ನೋ ಗೇಮ್ ಹಿಡಿದದ್ದು ಆವಾಗ. ಕೊರಿಯಾದ ಮಿಂಟ್‌ರಾಕೆಟ್ ಮಾಡಿದ್ದು, 2022ರ ಅಕ್ಟೋಬರ್‌ನಲ್ಲಿ ಅರ್ಲಿ ಆಕ್ಸೆಸ್ (ಪೂರ್ತಿಯಾಗುವ ಮುಂಚೆಯೇ ಮಾರಾಟ), 2023ರ ಜೂನ್‌ನಲ್ಲಿ ಪೂರ್ತಿ ಬಿಡುಗಡೆ. ಹಗಲು ಬ್ಲೂ ಹೋಲ್ ಅನ್ನೋ ಸಮುದ್ರದ ಆಳದ ಗುಂಡಿಗೆ ಧುಮುಕಿ ಮೀನು ಹಿಡಿ, ರಾತ್ರಿ ಸುಶಿ ಅಂಗಡಿಯಲ್ಲಿ ಬಡಿಸು. ನನ್ನ ಆಟದ ಹಗಲು ರಾತ್ರಿ ಲೆಕ್ಕಕ್ಕೆ ಇಷ್ಟು ಹತ್ತಿರದ್ದು ಇನ್ನೊಂದಿಲ್ಲ. 2018ರ ಮೂನ್‌ಲೈಟರ್ ಕೂಡ ಇದೇ ಜಾತಿ, ಆದರೆ ಅದು ಎರಡೇ ಪಾತ್ರೆಯ ಅಡುಗೆ. ಡೇವ್‌ನಲ್ಲಿ ಹೋಗ್ತಾ ಹೋಗ್ತಾ ಹೊಲ, ಮೀನು ಸಾಕಣೆ, ಸಮುದ್ರದ ಜನರ ಊರು, ಕದ್ದು ನುಸುಳುವ ಭಾಗ, ಸಮುದ್ರಕುದುರೆಯ ರೇಸು, ದೊಡ್ಡ ದೊಡ್ಡ ಎದುರಾಳಿಗಳು (ಬಾಸ್‌ಗಳು) ಎಲ್ಲ ಬರುತ್ತವೆ. ಇಷ್ಟೆಲ್ಲ ತುಂಬಿದರೂ ಸ್ಟೀಮ್‌ನಲ್ಲಿ ಸಿಕ್ಕಿದ್ದು ಎಲ್ಲಕ್ಕಿಂತ ಮೇಲಿನ ದರ್ಜೆ, ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಹೆಬ್ಬೆರಳು ಮೇಲೆತ್ತಿದ್ದಾರೆ. ಆದರೆ ಹೆಬ್ಬೆರಳು ಎತ್ತಿದವರಲ್ಲೇ ಎಷ್ಟೋ ಜನ ಉದ್ದಕ್ಕೆ ಗೊಣಗಿದ್ದಾರೆ. ನನಗೆ ಬೇಕಿದ್ದದ್ದು ಆ ಗೊಣಗಾಟ.

ಮೊದಲು ಸೋಮಾರಿ ದಾರಿ ನೋಡಿದೆ. ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದು ಕೆಲವು ಸಾವಿರ ರಿವ್ಯೂ ಇಳಿಸಿದೆ, ಬರಹದ ಭಾವನೆ ಅಳೆಯುವ ಒಂದು ಸಾಫ್ಟ್‌ವೇರ್‌ಗೆ ಹಾಕಿದೆ. "ನಿದ್ದೆ ಹಾಳಾಯಿತು, ಕೆಲಸ ಹಾಳಾಯಿತು" ಅನ್ನುವ ಅರ್ಥದಲ್ಲಿ ಹೊಗಳಿದವರನ್ನೆಲ್ಲ ಅದು ಬೈದವರ ಪಟ್ಟಿಗೆ ಸೇರಿಸಿತು. ಮೀನಿನ ಜೋಕು ಹೊಡೆದವರನ್ನು ಎಲ್ಲಿ ಬೇಕಾದರೂ ಹಾಕಿತು. ಪದ ಎಣಿಸಿ, ಹೆಚ್ಚು ಬಂದ ಪದ ದೊಡ್ಡದಾಗಿ ಕಾಣುವ ಮೋಡದ ಚಿತ್ರ ಮಾಡಿದರೆ ನಡುವೆ ದೊಡ್ಡದಾಗಿ "ಮೀನು". ಅದಕ್ಕೆ ಸ್ಕ್ರಿಪ್ಟ್ ಯಾಕೆ ಬೇಕಿತ್ತು?

ಕೆಲಸ ಮಾಡಿದ್ದು ಬೇರೆ. ಸ್ಟೀಮ್‌ನ ಪ್ರತಿ ರಿವ್ಯೂ ಮೇಲೂ, ಬರೆದ ಹೊತ್ತಿಗೆ ಅವರು ಎಷ್ಟು ಗಂಟೆ ಆಡಿದ್ದರು ಅಂತ ಇರುತ್ತದೆ. ಸ್ಟೋರ್ ಪುಟದಲ್ಲೇ ಗಂಟೆಯ ಫಿಲ್ಟರ್ ಇದೆ, ಇಳಿಸಿದ ಡೇಟಾದಲ್ಲಾದರೆ ನಿಮಿಷದ ಲೆಕ್ಕದಲ್ಲೇ ಸಿಗುತ್ತದೆ. ಹೆಬ್ಬೆರಳನ್ನು ಪೂರ್ತಿ ಮರೆತು, ರಿವ್ಯೂಗಳನ್ನು ಗಂಟೆ ಪ್ರಕಾರ ನಾಲ್ಕು ಕಟ್ಟು ಮಾಡಿದೆ. ಎರಡು ಗಂಟೆಯೊಳಗೆ, ಎರಡರಿಂದ ಹತ್ತು, ಹತ್ತರಿಂದ ಇಪ್ಪತ್ತೈದು, ಅದರ ಮೇಲೆ. ಎರಡು ಗಂಟೆ ಯಾಕೆ ಅಂದರೆ, ಕೊಂಡ ಆಟ ಬೇಡ ಅಂದವರಿಗೆ ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಸಿಗುವ ಗಡಿ ಅದು. ಪ್ರತಿ ರಿವ್ಯೂನಲ್ಲಿ ಆಟಗಾರ ಹೆಸರು ಹೇಳಿದ ಕೊನೆಯ ಜಾಗ ಅಥವಾ ಕೆಲಸ ಯಾವುದು ಅಂತ ಮಾತ್ರ ಒಂದು ಶೀಟಿನಲ್ಲಿ ಬರೆದುಕೊಂಡೆ. ಏನು ಬೇಕು ಅಂತ ಅವರು ಕೇಳಿದ್ದನ್ನು ಬರೆಯಲಿಲ್ಲ. ಕೈಯಲ್ಲೇ ಓದಿದ್ದು, ಸಾವಿರದ ಹತ್ತಿರ ಇರಬೇಕು. ದಿನಕ್ಕೆ ಮೂವತ್ತು ನಲವತ್ತರ ಮೇಲೆ ಓದಿದರೆ ಕಣ್ಣು ಓಡುತ್ತದೆ, ತಲೆಗೆ ಹೋಗುವುದಿಲ್ಲ.

ಗಂಟೆ ಪಕ್ಕಕ್ಕಿಟ್ಟು ಓದಿದರೆ ಒಂದೇ ಮಾತಿಗೆ ಬೇರೆ ಬೇರೆ ತೂಕ. "ತುಂಬಾ ಕೆಲಸ ಕೊಡ್ತಾರೆ" ಅನ್ನೋದು ಮೂರನೇ ಗಂಟೆಯಲ್ಲಿ ಬಂದರೆ, ಮಾತುಕತೆ ಮತ್ತು ಕಲಿಸುವ ಭಾಗ ಸಾಕಪ್ಪಾ, ನೀರಿಗೆ ಬಿಡು ಅಂತ. ಅದೇ ಮಾತು ಇಪ್ಪತ್ತನೇ ಗಂಟೆಯಲ್ಲಿ ಬಂದರೆ, ಅಂಗಡಿ ನಡೆಸುತ್ತಿದ್ದ ನನ್ನನ್ನು ಎಲ್ಲಿಗೋ ಎಳೆದುಕೊಂಡು ಹೋದಿರಿ ಅಂತ. ನಾನು ಓದಿದ್ದರಲ್ಲಿ ಅಂಗಡಿಯ ಬಗ್ಗೆ ಬೇಜಾರು ಬಹಳ ಕಮ್ಮಿ. ಹಸಿರು ಚಹಾ ಸುರಿಯುವ ಸಣ್ಣ ಕೆಲಸವನ್ನೇ ನೋಡಿ. ಲೋಟ ತುಂಬಾ ಬರುವಾಗ ಸರಿಯಾಗಿ ಗೆರೆಗೆ ನಿಲ್ಲಿಸಬೇಕು, ಚೆಲ್ಲಿದರೆ ದುಡ್ಡು ಕಮ್ಮಿ. ವಾಸಾಬಿ ಅರೆಯಬೇಕು, ಗಿರಾಕಿ ಎದ್ದು ಹೋಗುವ ಮುಂಚೆ ತಟ್ಟೆ ಮುಟ್ಟಿಸಬೇಕು. ಇದೂ ಮೂಲದಲ್ಲಿ ಬೇರೆ ಜಾತಿಯ ಆಟವೇ ಅಲ್ವಾ? ಯಾರೂ ಗೊಣಗಲಿಲ್ಲ. ಗೊಣಗಿದ್ದು ಸಮುದ್ರದ ಜನರ ಭಾಗದಲ್ಲಿ ಕದ್ದು ನುಸುಳುವುದಕ್ಕೆ, ಅಲ್ಲಿಂದ ಇಲ್ಲಿಗೆ ವಸ್ತು ತಲುಪಿಸುವ ಓಡಾಟಕ್ಕೆ.

ಇಲ್ಲಿ ನನಗೆ ಬೆಳಕು ಹತ್ತಿತು. ಹಗಲು ಹಿಡಿದ ಮೀನು ರಾತ್ರಿಯ ಮೆನು. ರಾತ್ರಿಯ ದುಡ್ಡು ಮರುದಿನದ ಆಮ್ಲಜನಕದ ಸಿಲಿಂಡರ್, ಈಟಿ, ಇನ್ನೂ ಆಳ. ಆಮ್ಲಜನಕ ಮುಗಿದರೆ ಹಿಡಿದದ್ದರಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಬಹುದು, ಆಗ ರಾತ್ರಿಯ ಮೆನುಗೂ ಹೊಡೆತ. ಒಂದರ ಸಂಪಾದನೆ ಇನ್ನೊಂದಕ್ಕೆ ಬಂಡವಾಳ. ಈ ಚಕ್ರಕ್ಕೆ ಏನಾದರೂ ಕೊಡುವ ಭಾಗವನ್ನು ಜನ ಎಷ್ಟು ವಿಚಿತ್ರವಾಗಿದ್ದರೂ ನುಂಗುತ್ತಾರೆ. ಏನೂ ಕೊಡದ ಭಾಗ ಎಷ್ಟು ಚೆನ್ನಾಗಿ ಮಾಡಿದ್ದರೂ ಅಡ್ಡ ಬಂದ ಹಾಗೆ ಅನ್ನಿಸುತ್ತದೆ. ಬೆರಕೆ ಜಾಸ್ತಿಯಾಯಿತು ಅನ್ನುವವರು ಬೆರಕೆಯನ್ನು ಬೈಯುತ್ತಿಲ್ಲ, ಕೂಡದೆ ಉಳಿದದ್ದನ್ನು ಬೈಯುತ್ತಿದ್ದಾರೆ.

ಇದು ಡೇವ್‌ಗೆ ಮಾತ್ರವೋ ಅಂತ ಅನುಮಾನ ಬಂದು ಇನ್ನೆರಡು ಕಡೆ ಹೊಕ್ಕೆ. ಇಟ್ ಟೇಕ್ಸ್ ಟೂ ಇಬ್ಬರು ಕೂಡಿ ಆಡುವ ಗೇಮ್, 2021ರದ್ದು, ಸ್ವೀಡನ್ನಿನ ಹೇಜ್‌ಲೈಟ್ ಮಾಡಿದ್ದು, ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ. ಅಲ್ಲಿ ಚಕ್ರವೇ ಇಲ್ಲ. ಪ್ರತಿ ಅಧ್ಯಾಯಕ್ಕೆ ಹೊಸ ಉಪಕರಣ, ಮುಗಿದ ಮೇಲೆ ಬಿಸಾಕು. ನನ್ನ ಸಿದ್ಧಾಂತ ಬಿದ್ದೇ ಹೋಯಿತು ಅಂದುಕೊಂಡೆ. ಓದಿ ನೋಡಿದರೆ ಅಲ್ಲಿ ಇಬ್ಬರು ಆಟಗಾರರನ್ನೂ ಕಟ್ಟಿ ಹಾಕಿರುವುದು ಪಕ್ಕದಲ್ಲಿ ಕೂತ ಮನುಷ್ಯ. ಒಬ್ಬರು ಮೊಳೆ ಹೊಡೆದರೆ ಇನ್ನೊಬ್ಬರು ಅದಕ್ಕೆ ಜೋತುಬೀಳಬೇಕು. ಅಲ್ಲಿಯ ಬಂಡವಾಳ ಅದು. ಒಬ್ಬರೇ ಆಡುವ ಆಟಕ್ಕೆ ಆ ಸವಲತ್ತಿಲ್ಲ.

ಇನ್ನೊಂದು ಬ್ರೂಟಲ್ ಲೆಜೆಂಡ್, 2009ರದ್ದು, ಡಬಲ್ ಫೈನ್ ಮಾಡಿದ್ದು. ಡೆಮೊದಲ್ಲಿ ಕೊಡಲಿ ಬೀಸು, ಕಾರು ಓಡಿಸು. ಪೂರ್ತಿ ಆಟ ಕೊಂಡು ಒಳಗೆ ಹೋದರೆ ಸೈನ್ಯ ಕಟ್ಟಿ ವೇದಿಕೆ ಕಾಯುವ ರಣತಂತ್ರದ ಆಟ. ಅದರ ಮೇಲಿನ ಹಳೆಯ ಸಿಟ್ಟೆಲ್ಲ ಓದಿದರೆ, ರಣತಂತ್ರ ಕೆಟ್ಟದಾಗಿದೆ ಅನ್ನೋದಕ್ಕಿಂತ ಮೊದಲೇ ಯಾಕೆ ಹೇಳಲಿಲ್ಲ ಅನ್ನೋದೇ ಜೋರು. ಅದನ್ನು ಓದಿದ ರಾತ್ರಿಯೇ ನನ್ನ ಡೆಮೊ ತೆಗೆದು ನೋಡಿದೆ. ಮೊದಲ ಕಾಲು ಗಂಟೆ ಬರೀ ಊರು ತಿರುಗಾಟ, ಚೆಂಡೆಯ ಸದ್ದೇ ಇಲ್ಲ. ಈಗ ಡೆಮೊ ಶುರುವಾಗುವುದೇ ರಂಗಸ್ಥಳದಲ್ಲಿ, ನಡುರಾತ್ರಿ, ಬಣ್ಣದ ವೇಷದ ಒಡ್ಡೋಲಗ, ಅಂದರೆ ರಂಗಪ್ರವೇಶ. ಎರಡು ನಿಮಿಷ ಕುಣಿಸಿ ಆಮೇಲೆ ಬೆಳಗ್ಗೆಗೆ ಹೋಗುತ್ತದೆ. ಈ ಒಂದು ಬದಲಾವಣೆಗೇ ಮೀಡಿಯನ್ ಇಪ್ಪತ್ತರ ಹತ್ತಿರ ಬಂತು. ಖರ್ಚು ಸೊನ್ನೆ.

ಉಳಿದ ಇಪ್ಪತ್ತು ನಿಮಿಷಕ್ಕೆ ಬೆವರು ಹರಿಸಬೇಕಾಯಿತು. ನನ್ನ ಆಟದಲ್ಲಿ ರಾತ್ರಿ ಎಷ್ಟು ಚೆನ್ನಾಗಿ ಕುಣಿಸಿದರೂ ಸಿಗುತ್ತಿದ್ದದ್ದು ಅಂಕ ಮಾತ್ರ, ಹಗಲಿಗೆ ಅದರಿಂದ ಏನೂ ಇರಲಿಲ್ಲ. ಅಂಕ ಕಿತ್ತು ಹಾಕಿದೆ. ಈಗ ಒಳ್ಳೆ ಆಟ ಕೊಟ್ಟ ಊರಿನ ಸುದ್ದಿ ಪಕ್ಕದ ಊರಿಗೆ ಹೋಗುತ್ತದೆ, ಮರುದಿನ ಅಲ್ಲಿ ಬಾಗಿಲು ಬೇಗ ತೆರೆಯುತ್ತದೆ. ತಾಳ ತಪ್ಪಿದ ರಾತ್ರಿ ಕಿರೀಟದ ಕಟ್ಟು ಸಡಿಲ, ಬೆಳಗ್ಗೆ ರಿಪೇರಿಗೆ ದುಡ್ಡು. ಹಗಲು ಯಾರ ಮನೆಯಲ್ಲಿ ಯಾವ ಪ್ರಸಂಗ ಒಪ್ಪಿಕೊಂಡೆಯೋ ರಾತ್ರಿ ಅದೇ ತಾಳ. ಸುದ್ದಿ ಎಷ್ಟು ದೂರ, ಎಷ್ಟು ಬೇಗ ಹೋಗಬೇಕು ಅನ್ನುವ ಲೆಕ್ಕ ಕೂರಿಸಲು ಆರು ತಿಂಗಳ ಮೇಲೆ ಹಿಡಿಯಿತು. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡ್ಕೋಬೇಡಿ. ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ.

ಜನರಿಂದ ಆಡಿಸಿ ನೋಡುವ ಪ್ಲೇಟೆಸ್ಟಿಗೂ ಅದೇ ಗಂಟೆಯ ಕಟ್ಟು ತಂದೆ. ಆಟಗಾರರಿಗೆ ಇಷ್ಟವಾಯಿತಾ ಅಂತ ಕೇಳುವುದು ಬಿಟ್ಟೆ. ನಿಲ್ಲಿಸಿದಾಗ ಏನು ಮಾಡುತ್ತಿದ್ದಿರಿ, ನಾಳೆ ಬೆಳಗ್ಗೆ ಮೊದಲು ಏನು ಮಾಡಬೇಕು ಅಂತ ಇತ್ತು, ಈ ಎರಡು ಪ್ರಶ್ನೆ ಕೇಳುತ್ತೇನೆ. ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಅಲ್ಲೇ ಚಕ್ರ ಕಡಿದಿದೆ ಅಂತ ಲೆಕ್ಕ. ಮೂರನೆಯ ಪ್ರಶ್ನೆಯೊಂದಿದೆ, ಅದೂ ನನ್ನ ಬಳಿಯೇ ಇರಲಿ.

ನಡುವೆ ಒಂದು ಹುಚ್ಚು ಪ್ರಯೋಗ. ಲ್ಯಾಪ್‌ಟಾಪ್ ಹಿಡಿದುಕೊಂಡು ಕುಂದಾಪುರದ ಕಡೆ ಒಂದು ಮೇಳದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋದೆ. ಗೇಮ್‌ಪ್ಯಾಡ್ ಮುಟ್ಟದ ಹಿರಿಯ ವೇಷಧಾರಿಯೊಬ್ಬರು ಪಕ್ಕದಲ್ಲಿ ಕೂತು ನಾನು ಆಡುವುದನ್ನು ನೋಡಿದರು. ಗ್ರಾಫಿಕ್ಸ್ ಬಗ್ಗೆ ಒಂದು ಮಾತಿಲ್ಲ. "ಇದರಲ್ಲಿ ಬಣ್ಣ ತೆಗೆಯುವುದೇ ಇಲ್ಲವಲ್ಲ ಮಾರಾಯ, ಹಾಗೇ ಲಾರಿ ಹತ್ತುವುದಾ?" ಅಂದರು. ಈಗ ಪ್ರತಿ ರಾತ್ರಿಯ ಕೊನೆಗೆ ಚೌಕಿಯಲ್ಲಿ ಎಣ್ಣೆ ಹಚ್ಚಿ ಬಣ್ಣ ಒರೆಸುವ ಒಂದು ನಿಮಿಷ ಇದೆ. ಒರೆಸುತ್ತಾ ಕಲಾವಿದರು ನಾಳೆಯ ಊರಿನ ಬಗ್ಗೆ ಮಾತಾಡುತ್ತಾರೆ. ಆಟಗಾರನಿಗೆ ಬೆಳಗ್ಗೆ ಏನು ಮಾಡಬೇಕು ಅನ್ನೋದು ಅಲ್ಲೇ ಸಿಗುತ್ತದೆ, ಬಾಣದ ಗುರುತು ಹಾಕಿ ತೋರಿಸುವ ಕೆಲಸ ತಪ್ಪಿತು. ಎರಡನೇ ಪ್ರಶ್ನೆಗೆ ಉತ್ತರ ಕೊಡುವವರು ಅರ್ಧದಿಂದ ಮುಕ್ಕಾಲು ಪಾಲಿಗೆ ಏರಿದರು.

ಡೇವ್‌ನ ಕೊರಿಯನ್ ರಿವ್ಯೂಗಳನ್ನೂ ಯಂತ್ರಾನುವಾದ ಮಾಡಿ ಓದಲು ಹೋದೆ, ಊರಿನವರು ಏನಂತಾರೆ ನೋಡೋಣ ಅಂತ. ಅನುವಾದದಲ್ಲಿ ಜಾಗದ ಹೆಸರೆಲ್ಲ ಕಲಸಿ ಹೋಗಿ ನನ್ನ ಕಾಲಮ್ಮಿಗೆ ಹಾಕುವಂಥದ್ದೇನೂ ಉಳಿಯಲಿಲ್ಲ. ಎರಡು ವಾರ ಹೋಯಿತು. ಭಾಷೆ ಬಲ್ಲವರಿಲ್ಲದೆ ಆ ಕಡೆ ಹೋಗಬೇಡಿ.

ಲೆಕ್ಕ ಕೇಳುವವರಿಗೆ: ಆಟ ಹಾಕಲು ಸ್ಟೀಮ್‌ಗೆ ಕಟ್ಟಿದ 100 ಡಾಲರ್ ಸೇರಿ, ಚೆಂಡೆ ಮದ್ದಳೆ ರೆಕಾರ್ಡಿಂಗ್, ಭಾಗವತರ ಸಂಭಾವನೆ, ಕ್ಯಾಪ್ಸೂಲ್ ಚಿತ್ರ (ಸ್ಟೋರ್‌ನಲ್ಲಿ ಕಾಣುವ ಮುಖಚಿತ್ರ), ಮೇಲೆ ಹೇಳಿದ ಎರಡು ದಂಡ ಎಲ್ಲ ಕೂಡಿ ಮೂರು ಲಕ್ಷದ ಹತ್ತಿರ. ರೆಕಾರ್ಡಿಂಗ್‌ಗೆ ಕೊಟ್ಟ 60 ಸಾವಿರಕ್ಕೆ ಮಾತ್ರ ಒಂದು ರೂಪಾಯಿಯ ಬೇಸರವೂ ಇಲ್ಲ. ಬಿಡುಗಡೆಯಾದ ಮೇಲೆ ಸ್ಟೀಮ್‌ನ ಪಾಲು ಶೇ. 30 ಕಳೆದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಬಂದಿದೆ. ದುಡ್ಡು ವಾಪಸ್ ಕೇಳುವವರು ನೂರಕ್ಕೆ ಏಳೆಂಟು, ಮೊದಲು ಕೊಟ್ಟಿದ್ದ ಒಂದು ಸಣ್ಣ ಆಟಕ್ಕೆ ಹದಿನೈದರ ಮೇಲಿತ್ತು. ಈಗ ನನ್ನದೇ ಆಟದ ರಿವ್ಯೂಗಳನ್ನು ಕಟ್ಟು ಮಾಡುತ್ತಿದ್ದೇನೆ. ಆರನೇ ಗಂಟೆಯ ಆಸುಪಾಸಿನಲ್ಲಿ ಲಾರಿ ಓಡಿಸುವ ಭಾಗದ ಹೆಸರು ಪದೇ ಪದೇ ಬರುತ್ತಿದೆ. ಘಟ್ಟದ ಆ ತಿರುವುಗಳನ್ನು ಎಷ್ಟೋ ವಾರ ಕೂತು ಮಾಡಿದ್ದೆ, ಆದರೂ ಮುಂದಿನ ಅಪ್‌ಡೇಟ್‌ನಲ್ಲಿ ಕತ್ತರಿ ಬೀಳುತ್ತದೆ.