ಲೈನ್ ಮನೆಗೆ ಹೊಸಬರು ಬಂದಾಗ

ನವೆಂಬರ್ ಬಂತೆಂದರೆ ಮೂಡಿಗೆರೆ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಿಗೆ, ಅಂದರೆ ಆಳುಗಳು ಇರುವ ಸಾಲುಮನೆಗಳಿಗೆ, ಹೊಸ ಜನ ಬರತೊಡಗುತ್ತಾರೆ. ಮೊದಲು ಅರೇಬಿಕಾ ಕುಯ್ಲು, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ. ಹಿಂದೆ ತಮಿಳುನಾಡಿನಿಂದ, ಬಯಲುಸೀಮೆಯಿಂದ ಬರುತ್ತಿದ್ದರು. ಈಗ ನಾನು ಹೋಗುವ ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್‌ನವರೇ ಜಾಸ್ತಿ. ದೇಶ ಒಂದೇ ಇರಬಹುದು. ಆದರೆ ರೈಲಿನಲ್ಲಿ ದಿನಗಟ್ಟಲೆ ಕೂತು ಬಂದು, ಬಸ್ಸಿನ ಬೋರ್ಡೂ ಓದಲಾಗದ ಊರಿನಲ್ಲಿ ಇಳಿದವರಿಗೆ ಇದು ಪರದೇಶವೇ. ನಮ್ಮ ಚರ್ಚಿನಲ್ಲಿ ಇವರ ಜೊತೆ ಓಡಾಡುವ ಸಣ್ಣ ಗುಂಪೊಂದಿದೆ. ನಾನು ಟೀಚರ್ ಆಗಿ ನಿವೃತ್ತಿಯಾದವಳು. ಹಾಗಾಗಿ ಕಾಗದಪತ್ರದ ಕೆಲಸವೆಲ್ಲ ನನ್ನ ಪಾಲಿಗೆ ಬಂತು.

‘ನಮಗ್ಯಾಕೆ ಟೀಚರೇ ಈ ಉಸಾಬರಿ?’ ಅಂತ ನಮ್ಮವರೇ ಕೇಳಿದ್ದುಂಟು. ನಾನು ಅವರ ಅಜ್ಜಂದಿರ ಊರು ಕೇಳುತ್ತೇನೆ. ಚಿಕ್ಕಮಗಳೂರು ಧರ್ಮಪ್ರಾಂತ್ಯ, ಅಂದರೆ ಇಲ್ಲಿಗೇ ಒಬ್ಬ ಬಿಷಪ್, ಆಗಿದ್ದು 1963ರಲ್ಲಿ. ಅದಕ್ಕೂ ಎಷ್ಟೋ ಮೊದಲು ನಮ್ಮ ಕೊಂಕಣಿ ಕುಟುಂಬಗಳು ಕಾಫಿ ಕೆಲಸ ನಂಬಿ ಘಟ್ಟ ಹತ್ತಿ ಬಂದಿದ್ದವು. ನನ್ನ ಅಜ್ಜ ಚಾರ್ಮಾಡಿ ಹತ್ತಿ ಬಂದವರು. ಇಲ್ಲಿನ ಗೌಡರ ಮನೆಯವರು ಕೊಟ್ಟಿಗೆ ಪಕ್ಕ ಒಂದು ಕೋಣೆ ಬಿಟ್ಟುಕೊಟ್ಟಿದ್ದರಂತೆ. ಅವರೇನೂ ಅಜ್ಜನ ಜಪಮಾಲೆ ತೆಗೆದಿಡು ಅನ್ನಲಿಲ್ಲವಲ್ಲ.

ಕೆಲಸ ಶುರುವಾಗುವುದು ಒಂದು ನೂರು ಪುಟದ ನೋಟ್‌ಬುಕ್ಕಿನಿಂದ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ, ಗುತ್ತಿಗೆದಾರ ಪ್ರತಿಯೊಬ್ಬರಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು ಅಂತ ಇತ್ತು. ನಾನು ಅಂಥದ್ದನ್ನು ಒಂದೂ ಕಂಡಿಲ್ಲ. ಕರೆದುಕೊಂಡು ಬಂದ ಮೇಸ್ತ್ರಿ ಊರಲ್ಲೇ ಮುಂಗಡ ಕೊಟ್ಟಿರುತ್ತಾನೆ. ಆಮೇಲೆ ರೈಲು ಚಾರ್ಜು, ದಾರಿಯ ಊಟ, ಇಲ್ಲಿ ಕೊಡಿಸಿದ ಪಾತ್ರೆ, ಎಲ್ಲಾ ಅದೇ ಲೆಕ್ಕಕ್ಕೆ ಸೇರುತ್ತದೆ. ಕುಯ್ಲು ಮುಗಿಯುವಾಗ ಎಷ್ಟು ಉಳಿಯಿತು ಅಂತ ಕೇಳಿದರೆ ಉತ್ತರ ಮೇಸ್ತ್ರಿಯ ಬಾಯಲ್ಲಿ ಮಾತ್ರ ಇರುತ್ತದೆ. ಅದಕ್ಕೇ ಮನೆಗೊಂದು ನೋಟ್‌ಬುಕ್ ಮಾಡಿಸಿದೆವು. ತಾರೀಕು, ಕುಯ್ದ ಕೆಜಿ, ಕೈಗೆ ಬಂದ ದುಡ್ಡು, ಮುರಿದುಕೊಂಡ ಮುಂಗಡ, ಇಷ್ಟೇ. ಬರೀ ಅಂಕಿ, ಅಕ್ಷರ ಬೇಡ. ಬಟವಾಡೆ ದಿನ ತೋಟದ ಲೆಕ್ಕ ಬರೆಯುವ ರೈಟರ್ ಅದರಲ್ಲೇ ಸಹಿ ಹಾಕಬೇಕು. ಶುರುವಿನಲ್ಲಿ ರೈಟರುಗಳು ಮುಖ ಸಿಂಡರಿಸಿದರು. ಸಾಹುಕಾರರ ಹತ್ತಿರ ಹೋಗಿ, ‘ಇದರಿಂದ ಮಧ್ಯದವನ ಜಗಳ ನಿಮ್ಮ ತನಕ ಬರಲ್ಲ ಸರ್’ ಅಂದ ಮೇಲೆ ಹೆಚ್ಚಿನ ಕಡೆ ಒಪ್ಪಿದರು. ಒಪ್ಪದ ತೋಟಗಳೂ ಇವೆ. ಅಲ್ಲಿ ನಮ್ಮ ಹುಡುಗರು ವಾರಕ್ಕೊಮ್ಮೆ ಹೋಗಿ ಕೇಳಿ ಬರೆದುಕೊಳ್ಳುತ್ತಾರೆ. ಸಹಿ ಇಲ್ಲದ ಲೆಕ್ಕಕ್ಕೆ ತೂಕ ಕಮ್ಮಿ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಇನ್ನೊಂದು ವಿಷಯದಲ್ಲಿ ನಾವು ಹಟ ಮಾಡುತ್ತೇವೆ. ಆಧಾರ್ ಅಸಲು ಯಾರ ಕೈಗೂ ಕೊಡಬಾರದು. ಠಾಣೆಗೆ ಪಟ್ಟಿ ಕೊಡಬೇಕು ಅಂದರೆ ಜೆರಾಕ್ಸ್ ಸಾಕು. ಅಸಲು ಮೇಸ್ತ್ರಿ ಹತ್ತಿರ ಸಿಕ್ಕಿಕೊಂಡರೆ ಆಳೂ ಸಿಕ್ಕಿಕೊಂಡ ಹಾಗೆ. ಅಸ್ಸಾಂನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಅಲ್ಲಿನ ಎನ್‌ಆರ್‌ಸಿಯ, ಅಂದರೆ ಪೌರರ ನೋಂದಣಿಯ, ಕೊನೆಯ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. 1971ರ ಮಾರ್ಚ್ 24ಕ್ಕೆ ಮುಂಚಿನ ಅಪ್ಪ ಅಜ್ಜಂದಿರ ದಾಖಲೆ ತೋರಿಸಬೇಕಿತ್ತು. ಹಾಗಾಗಿ ಅವರು ಸ್ವೆಟರ್ ಮರೆತು ಬಂದರೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದದ ಕಟ್ಟು ಮರೆತಿರುವುದಿಲ್ಲ. ಇಲ್ಲಿ ಅಂಗಡಿ ಮುಂದೆ ಕೂತವರು ಸುಮ್ನೆ ‘ಬಾಂಗ್ಲಾದವರು’ ಅಂದುಬಿಡುತ್ತಾರೆ. ನನಗೆ ಸಿಟ್ಟು ಬರುತ್ತದೆ. ಆ ಕಟ್ಟನ್ನು ಒಮ್ಮೆ ಬಿಚ್ಚಿ ನೋಡಿದವರು ಹಾಗೆ ಅನ್ನಲಾರರು.

ಈಗ ರೇಷನ್ನಿಗೆ ಬರೋಣ. ‘ಒಂದು ದೇಶ ಒಂದು ರೇಷನ್ ಕಾರ್ಡ್’ ವ್ಯವಸ್ಥೆಗೆ ಅಸ್ಸಾಂ ಎಲ್ಲರಿಗಿಂತ ಕೊನೆಗೆ, 2022ರ ಜೂನ್‌ನಲ್ಲಿ ಸೇರಿತು. ಅಲ್ಲಿಂದೀಚೆಗೆ ಅವರ ಊರಿನ ಕಾರ್ಡಿನ ಅಕ್ಕಿಯನ್ನು ನಮ್ಮ ಸೊಸೈಟಿಯಲ್ಲೇ ತೆಗೆದುಕೊಳ್ಳಬಹುದು. ಆದ್ಯತಾ ಕಾರ್ಡಿದ್ದರೆ ತಲೆಗೆ ತಿಂಗಳಿಗೆ 5 ಕೆಜಿ. ಇಲ್ಲಿ ಬಂದವರು ತಮ್ಮ ಪಾಲು ಇಲ್ಲಿ, ಊರಲ್ಲಿ ಉಳಿದವರು ಉಳಿದದ್ದನ್ನು ಅಲ್ಲಿ ತೆಗೆದುಕೊಳ್ಳಬಹುದು. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಅಂಗಡಿಯಲ್ಲಿ ಅಕ್ಕಿ ಕೊಳ್ಳುತ್ತಿದ್ದರು. ಗೊತ್ತಾದ ಮೇಲಿನ ತೊಂದರೆ ಹೆಬ್ಬೆಟ್ಟಿನದು. ಇಡೀ ದಿನ ಹಣ್ಣು ಕುಯ್ದ ಕೈಯ ಗೆರೆ ಮಷಿನ್ನಿಗೆ ಕಾಣುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಮುಂಚೆ, ಕೈ ಚೆನ್ನಾಗಿ ತೊಳೆದು ಒರೆಸಿಕೊಂಡು, ಒಂದು ಬೆರಳು ಆಗದಿದ್ದರೆ ಇನ್ನೊಂದು ಇಟ್ಟು ನೋಡಬೇಕು. ಅಂಗಡಿಯವರು ‘ಬರಲ್ಲ ಹೋಗಿ’ ಅಂದರೆ ಜೊತೆಗೆ ಕನ್ನಡದವರೊಬ್ಬರು ಇರಬೇಕು, ಅಷ್ಟೇ. ನಮ್ಮವರು ನಿಂತರೆ ಅದೇ ಮಷಿನ್ ಓದುತ್ತದೆ! ಅಂದಹಾಗೆ ಅವರಿಗೂ ನಮ್ಮ ಹಾಗೆ ಕುಸುಬಲಕ್ಕಿಯೇ ಇಷ್ಟ. ಸೊಸೈಟಿಯ ಬೆಳ್ತಿಗೆ ಅಕ್ಕಿಯನ್ನು ಬೈದುಕೊಂಡೇ ಉಣ್ಣುತ್ತಾರೆ.

ಅಕ್ಕಿಮೂಟೆ ನಾವೇ ಹಂಚಬಹುದಲ್ಲ ಅಂತ ನೀವು ಕೇಳಬಹುದು. ಹಂಚುವುದಿಲ್ಲ ಅಂತ ಫಾದರ್ ಜೊತೆ ಕೂತು ತೀರ್ಮಾನ ಮಾಡಿಕೊಂಡಿದ್ದೇವೆ. 2022ರಲ್ಲಿ ಬಂದ ಮತಾಂತರ ತಡೆ ಕಾಯ್ದೆಯಲ್ಲಿ ‘ಆಮಿಷ’ ಅನ್ನುವುದಕ್ಕೆ ಉಡುಗೊರೆ, ದುಡ್ಡು, ಕೆಲಸ ಎಲ್ಲವೂ ಸೇರುತ್ತವೆ. ಚರ್ಚಿನವರು ಚೀಲ ಹಿಡಿದು ಲೈನ್ ಮನೆಗೆ ಹೋದರೆ ಯಾರೋ ವಿಡಿಯೊ ಮಾಡುತ್ತಾರೆ. ಭಯ ಇಲ್ಲ ಅಂತ ಹೇಳುವುದಿಲ್ಲ. ಆದರೆ ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಅಕ್ಕಿ ಕೊಟ್ಟ ಕೈಗೆ ‘ಪ್ರಾರ್ಥನೆಗೆ ಬರಲ್ಲ’ ಅನ್ನುವುದು ಬಡವರಿಗೆ ಕಷ್ಟ. ಅವರದೇ ಹಕ್ಕಿನ ಅಕ್ಕಿ ಕೊಡಿಸಿದರೆ ಆ ದಾಕ್ಷಿಣ್ಯ ಇರುವುದಿಲ್ಲ. ಮೊದಲೇ ರೈಟರಿಗೆ ಹೇಳಿ ಹೋಗುತ್ತೇವೆ. ಯಾವಾಗಲೂ ಇಬ್ಬರು. ಇಬ್ಬಿಬ್ಬರಾಗಿ ಹೋಗುವುದು ಬಡವರ ಮನೆಗೆ ಹೋಗಿ ನೆರವಾಗುವ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿಯವರ ಹಳೇ ಪದ್ಧತಿ, ಅಲ್ಲಿಂದ ಕಲಿತದ್ದು. ಚೀಲದಲ್ಲಿ ಪ್ರಾರ್ಥನೆ ಪುಸ್ತಕ ಇರುವುದಿಲ್ಲ. ಪೂಜೆ ಎಷ್ಟು ಹೊತ್ತಿಗೆ ಅಂತ ಅವರಾಗಿ ಕೇಳಿದರೆ ಹೇಳುತ್ತೇವೆ. ಜಾರ್ಖಂಡ್‌ನವರಲ್ಲಿ ಕೆಲವರು ಮೊದಲಿಂದಲೂ ಕ್ರೈಸ್ತರು. ಕ್ರಿಸ್‌ಮಸ್ ರಾತ್ರಿ ತಮ್ಮ ಕಡೆಯ ಸಾದ್ರಿ ಭಾಷೆಯಲ್ಲಿ ಹಾಡುತ್ತಾರೆ, ನಮ್ಮ ಕ್ವಾಯರ್‌ನವರು ಬಾಯಿಬಿಟ್ಟು ನೋಡುತ್ತಾರೆ. ಬಂಗಾಳಿ ಮಾತಾಡುವ ಮುಸ್ಲಿಮರು ಬಂದರೆ ಮಸೀದಿ ಕಮಿಟಿಯವರಿಗೆ ಫೋನು ಮಾಡುತ್ತೇನೆ. ಅವರೂ ನನಗೆ ಮಾಡುತ್ತಾರೆ.

ವರ್ಷಪೂರ್ತಿ ಉಳಿದಿರುವ ಕೆಲವು ಮನೆಯವರು ಕರಮ್ ಹಬ್ಬಕ್ಕೆ ಹಾಲ್ ಕೇಳಿದಾಗ ಗಲಾಟೆಯಾಯಿತು. ಕೊಂಬೆ ನೆಟ್ಟು ಕುಣಿಯುವ ಆದಿವಾಸಿ ಹಬ್ಬ ಅದು. ಚರ್ಚಿನ ಹಾಲ್‌ನಲ್ಲಿ ಹೇಗೆ ಅಂತ ಹಿರಿಯರು ಎದ್ದುಹೋದರು. ಕೊನೆಗೆ ತೋಟದ ಕಾಫಿ ಕಣದಲ್ಲೇ ನಡೆಯಿತು. ಆ ಹಿರಿಯರಲ್ಲೂ ಕೆಲವರು ಬಂದು ನೋಡಿದರು. ಹಾಲ್ ಕೊಡಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಮಕ್ಕಳ ಶಾಲೆ ಅಷ್ಟು ಕಷ್ಟವಾಗಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ನಮ್ಮ ಸರ್ಕಾರಿ ಶಾಲೆಗಳಲ್ಲಿ ಹೆಡ್‌ಮೇಷ್ಟ್ರೇ ಖುಷಿಯಿಂದ ಸೇರಿಸಿಕೊಳ್ಳುತ್ತಾರೆ. ಮಕ್ಕಳು ಬಿಸಿಯೂಟದ ಸಾಲಿನಲ್ಲೇ ಕನ್ನಡ ಕಲಿಯುತ್ತಾರೆ, ನಾವು ಕಲಿಸುವುದಕ್ಕಿಂತ ಬೇಗ.

ಆನೆಯ ವಿಷಯಕ್ಕೂ ಒಂದು ಮಾತು. ಅಸ್ಸಾಂ ಚಹಾ ತೋಟದವರಿಗೆ ಆನೆ ಹೊಸದಲ್ಲ, ಇಲ್ಲಿ ಅದು ಓಡಾಡುವ ದಾರಿ ಹೊಸದು. ಆನೆ ಬಂದಿದೆ ಅಂತ ಕನ್ನಡದಲ್ಲಿ ಬರುವ ಮೆಸೇಜ್ ಅವರಿಗೆ ಓದಲು ಬರುವುದಿಲ್ಲ. ಅದನ್ನೇ ಹಿಂದಿಯಲ್ಲಿ ಹೇಳಿ ವಾಟ್ಸಾಪ್ ವಾಯ್ಸ್ ಕಳಿಸುವುದು ನಮ್ಮ ಯುವಕರ ಕೆಲಸ.

ಈಗ ಜನವರಿ. ಮಾರ್ಚ್‌ನಲ್ಲಿ ಎಲ್ಲರೂ ಒಟ್ಟಿಗೆ ಊರಿಗೆ ಹೊರಡುತ್ತಾರೆ, ಹೋಳಿ ರಶ್ಶೂ ಸೇರಿಕೊಳ್ಳುತ್ತದೆ. ರೈಲಿನ ಬುಕಿಂಗ್ ತೆರೆಯುವುದು 60 ದಿನ ಮೊದಲು. ಮೇಸ್ತ್ರಿ ಮಾಡಿಸಿದರೆ ಟಿಕೆಟ್ಟಿನ ಮೇಲೆ ಇನ್ನಷ್ಟು ಸೇರಿಸಿ ಲೆಕ್ಕ ಹಿಡಿಯುತ್ತಾನೆ. ಹಾಗಾಗಿ ಈ ವಾರ ಹೆಸರು, ವಯಸ್ಸು ಬರೆದುಕೊಳ್ಳಲು ಲೈನ್ ಮನೆಗಳಿಗೆ ಹೋಗುತ್ತಿದ್ದೇವೆ.