ಹನ್ನೆರಡು ವರ್ಷ, ಒಂದು ಬಿಳಿ ಎನ್‌ಎಸ್‌ಎಕ್ಸ್ ಟೈಪ್ ಆರ್

ಗಾಡಿ ಮನೆಗೆ ಬಂದ ದಿನ ಊರಿಗೆ ಫೋನ್ ಮಾಡಿದೆ. ಅಮ್ಮ ಕೇಳಿದ್ದು ಒಂದೇ ಮಾತು. "ಅಷ್ಟು ದುಡ್ಡು ಸುರಿದಿದೀಯಲ್ಲೋ, ಎಸಿನಾದ್ರೂ ಇದೆಯಾ?"

ಇಲ್ಲ. ಎಸಿ ಇಲ್ಲ, ರೇಡಿಯೋ ಇಲ್ಲ, ಸ್ಟೆಪ್ನಿ ಇಲ್ಲ. ಪವರ್ ಸ್ಟೇರಿಂಗ್ ಇಲ್ಲ, ಏರ್‌ಬ್ಯಾಗೂ ಇಲ್ಲ. ಸದ್ದು ಒಳಗೆ ಬರದ ಹಾಗೆ ನೆಲಕ್ಕೆ, ಬಾಗಿಲಿಗೆ ಅಂಟಿಸುವ ಹಾಳೆಗಳನ್ನೂ ತೆಗೆದಿದ್ದಾರೆ. ಇದು 1993ರ ಹೋಂಡಾ ಸ್ಪೋರ್ಟ್ಸ್ ಕಾರು, ಎನ್‌ಎಸ್‌ಎಕ್ಸ್ ಟೈಪ್ ಆರ್. 1992ರ ಕೊನೆಯಿಂದ 1995ರವರೆಗೆ ಒಟ್ಟು 483 ಗಾಡಿ ಮಾತ್ರ ಮಾಡಿದರು, ಅಷ್ಟನ್ನೂ ಜಪಾನಿನಲ್ಲೇ ಮಾರಿದರು. ಅದರಲ್ಲೊಂದು ಹನ್ನೆರಡು ವರ್ಷದಿಂದ ನನ್ನ ಹತ್ತಿರ ಇದೆ. ಇಂಥ ಗಾಡಿಯನ್ನು ಹೇಗೆ ಕೊಂಡೆ, ಹೇಗೆ ಇಟ್ಟುಕೊಂಡಿದ್ದೇನೆ, ಟ್ರ್ಯಾಕ್‌ನಲ್ಲಿ ಏನೇನು ಕಲಿತೆ ಅಂತ ಬಹಳ ಜನ ಗೆಳೆಯರು ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಾಸನದವನು. ಕೆಲಸಕ್ಕೆಂದು ಜಪಾನಿಗೆ ಬಂದವನು ತೊಚಿಗಿ ಪ್ರಾಂತ್ಯದ ಉತ್ಸುನೊಮಿಯಾದಲ್ಲಿ ನೆಲೆಸಿದೆ. ಪಕ್ಕದಲ್ಲೇ ತಕಾನೆಜಾವಾ ಅನ್ನುವ ಊರು. 1990ರಿಂದ ಎನ್‌ಎಸ್‌ಎಕ್ಸ್ ತಯಾರಾಗಿದ್ದು ಅಲ್ಲಿಯೇ. ಇಡೀ ಬಾಡಿ ಅಲ್ಯೂಮಿನಿಯಂ. ಮಾಮೂಲಿ ಮಾರಾಟದ ಕಾರಿಗೆ ಹಾಗೆ ಮಾಡಿದ್ದು ಅದೇ ಮೊದಲು. ನಮ್ಮ ಆಫೀಸಿನ ವಯಸ್ಸಾದವರು ಆ ಕಾಲದ ಮಾತಾಡುವಾಗ ಅವರ ಮುಖ ನೋಡಬೇಕು. ಅದನ್ನು ಕೇಳಿ ಕೇಳಿಯೇ ನನಗೆ ಆಸೆ ಹುಟ್ಟಿತು.

ಟೈಪ್ ಆರ್ ಯಾಕೆ, ಮಾಮೂಲಿ ಎನ್‌ಎಸ್‌ಎಕ್ಸ್ ಸಾಕಿತ್ತಲ್ವಾ ಅಂತ ಕೇಳಬಹುದು. ಆಗ ಜಪಾನಿನ ಕಂಪನಿಗಳೆಲ್ಲ 280 ಹಾರ್ಸ್‌ಪವರ್ ದಾಟುವುದಿಲ್ಲ ಅಂತ ತಮ್ಮೊಳಗೇ ಒಪ್ಪಂದ ಮಾಡಿಕೊಂಡಿದ್ದವು. ಎನ್‌ಎಸ್‌ಎಕ್ಸ್ ಮೊದಲೇ ಆ ಗೆರೆಯ ಮೇಲೆ ನಿಂತಿತ್ತು. ಹಾಗಾಗಿ ಈ ಕಾರನ್ನು ರೂಪಿಸಿದ ಹೋಂಡಾದ ಎಂಜಿನಿಯರ್ ಶಿಗೆರು ಉಎಹಾರಾ ಅವರ ತಂಡ ಶಕ್ತಿ ಏರಿಸುವ ಬದಲು ತೂಕ ಇಳಿಸಿತು. 1350 ಕಿಲೋ ಇದ್ದದ್ದು 1230 ಕಿಲೋ ಆಯಿತು. ಸೀಟು ಕಾರ್ಬನ್ ಕೆವ್ಲಾರ್‌ನದು, ಗೇರ್ ಗುಂಡು ಟೈಟಾನಿಯಂನದು. ಎಂಜಿನ್ ಅದೇ 3 ಲೀಟರಿನ ವಿ6. ಆದರೆ ಕ್ರ್ಯಾಂಕು, ಪಿಸ್ಟನ್, ಕನೆಕ್ಟಿಂಗ್ ರಾಡುಗಳ ತೂಕವನ್ನು ರೇಸ್ ಎಂಜಿನ್ನಿನ ಹಾಗೆ ಕೈಯಲ್ಲಿ ಸರಿದೂಗಿಸಿ ಜೋಡಿಸಿದ್ದಾರೆ. ಚಕ್ರಗಳಿಗೆ ಶಕ್ತಿ ತಲುಪಿಸುವ ಫೈನಲ್ ಗೇರಿನ ಅನುಪಾತವನ್ನು 4.062ರಿಂದ 4.235ಕ್ಕೆ ಬದಲಿಸಿದ್ದಾರೆ. ಟಾಪ್ ಸ್ಪೀಡ್ ಸ್ವಲ್ಪ ಇಳಿಯಿತು, ಪಿಕಪ್ ಜಾಸ್ತಿ ಆಯಿತು.

ಬಣ್ಣದ ಬಗ್ಗೆಯೂ ಒಂದು ಮಾತು. ಇದು ಹಾಲಿನ ಬಿಳಿ ಅಲ್ಲ, ಸ್ವಲ್ಪ ಕೆನೆಯ ಕಡೆ ವಾಲಿದ ಬಿಳಿ. ಹೆಸರು ಚಾಂಪಿಯನ್‌ಶಿಪ್ ವೈಟ್. 1965ರಲ್ಲಿ ಮೆಕ್ಸಿಕೋದಲ್ಲಿ ರಿಚಿ ಗಿಂಥರ್ ಹೋಂಡಾಗೆ ಮೊದಲ ಫಾರ್ಮುಲಾ ಒನ್ ಗೆಲುವು ತಂದುಕೊಟ್ಟ ಆರ್‌ಎ272 ಕಾರಿನ ಬಣ್ಣ ಅದು. ಹೋಂಡಾದ ರೇಸ್ ಟ್ರ್ಯಾಕ್ ಇರುವ ಮೊಟೆಗಿಯ ಮ್ಯೂಸಿಯಂನಲ್ಲಿ ಆ ಕಾರಿನ ಮುಂದೆ ನಿಂತು ಹೊರಗೆ ಬಂದು ನನ್ನ ಗಾಡಿ ನೋಡಿದಾಗ ಪ್ರತಿ ಸಲವೂ ಮೈ ಜುಮ್ ಅನ್ನುತ್ತದೆ.

2013ರಲ್ಲಿ ನಾಲ್ಕು ಗಾಡಿ ನೋಡಿದೆ. ಒಂದು ನಿಜವಾದ ಟೈಪ್ ಆರ್ ಆಗಿರಲೇ ಇಲ್ಲ. ಮಾಮೂಲಿ ಗಾಡಿಗೆ ಕೆಂಪು ಸೀಟು, ಟೈಟಾನಿಯಂ ಗುಂಡು ಹಾಕಿ ಬಿಳಿ ಬಣ್ಣ ಬಳಿದಿದ್ದರು. ಕೂತು ಬಾಗಿಲು ಹಾಕಿದ ಕೂಡಲೇ ಗೊತ್ತಾಯಿತು. ಮಾಮೂಲಿ ಗಾಡಿಯ ಬಾಗಿಲು ಮೆತ್ತಗೆ 'ಧಪ್' ಅನ್ನುತ್ತದೆ. ಟೈಪ್ ಆರ್‌ನದು ಖಾಲಿ ಡಬ್ಬದ ಸದ್ದು. ಕಾರ್ಪೆಟ್ ಎತ್ತಿದರೆ ಬರೀ ಲೋಹ ಕಾಣಬೇಕು, ಅಲ್ಲಿ ಹಾಳೆ ಇತ್ತು. ಇನ್ನೊಂದಕ್ಕೆ 'ಶೂಫುಕುರೆಕಿ' ಇತ್ತು, ಅಂದರೆ ಗಾಡಿಯ ಮೂಳೆಗೇ ಪೆಟ್ಟು ಬಿದ್ದು ರಿಪೇರಿ ಆದ ದಾಖಲೆ. ಅಲ್ಯೂಮಿನಿಯಂ ಬಾಡಿಯನ್ನು ಉಕ್ಕಿನ ಹಾಗೆ ಬಡಿದು ಎಳೆದು ಸರಿ ಮಾಡಲು ಆಗುವುದಿಲ್ಲ, ಅದನ್ನು ಬಲ್ಲವರೂ ಕಡಿಮೆ. ಅದನ್ನು ಬಿಟ್ಟೆ. ಮೂರನೆಯದು ಒಬ್ಬರು ಶೋಕೇಸಿನಲ್ಲಿಟ್ಟ ಹಾಗೆ ಇಟ್ಟಿದ್ದರು. ಓಡಿದ್ದು ಬಹಳ ಕಡಿಮೆ, ಬೆಲೆ ಕೈಗೆ ಎಟುಕಲಿಲ್ಲ. ನಾಲ್ಕನೆಯದು 81,000 ಕಿ.ಮೀ. ಓಡಿತ್ತು. ಮುಂಭಾಗದ ತುಂಬ ಕಲ್ಲು ಸಿಡಿದ ಗುರುತು, ಆದರೆ ಮೊದಲ ದಿನದಿಂದ ಸರ್ವೀಸ್ ಮಾಡಿಸಿದ ಕಾಗದಗಳೆಲ್ಲ ಒಂದು ಫೈಲಿನಲ್ಲಿದ್ದವು. ಲಿಫ್ಟಿಗೆ ಏರಿಸಿ ಕೆಳಗಿನಿಂದ ಒಂದೊಂದೇ ಬೋಲ್ಟು ನೋಡಿದೆ, ಯಾವುದರ ತಲೆಗೂ ಪಾನಾ ಹಾಕಿ ಕಿತ್ತ ಗುರುತು ಇರಲಿಲ್ಲ. ಓಡಿದ ಗಾಡಿಯನ್ನೇ ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಸುಮ್ನೆ ನಿಂತ ಗಾಡಿಯ ಸೀಲು, ಹೋಸು, ಬುಷ್ ಎಲ್ಲ ಒಣಗಿರುತ್ತವೆ.

ಇಲ್ಲಿ ಕಾರು ಕೊಳ್ಳುವ ಮೊದಲು ಅದನ್ನು ನಿಲ್ಲಿಸುವ ಜಾಗ ತೋರಿಸಿ ಪೊಲೀಸರಿಂದ ಸರ್ಟಿಫಿಕೇಟ್ ತರಬೇಕು. ಮನೆಯಿಂದ 2 ಕಿ.ಮೀ. ಒಳಗೆ ಇರಬೇಕು. ನಾನು ಶಟರ್ ಇರುವ ಗ್ಯಾರೇಜ್ ಬಾಡಿಗೆಗೆ ಹಿಡಿದೆ, ಕಳ್ಳತನದ ಭಯಕ್ಕೆ. 13 ವರ್ಷ ದಾಟಿದ ಗಾಡಿ ಅಂತ ವರ್ಷದ ತೆರಿಗೆ 51,000 ಯೆನ್ ಇರಬೇಕಾದದ್ದು 58,600 ಆಗುತ್ತದೆ. ಎರಡು ವರ್ಷಕ್ಕೊಮ್ಮೆ ಶಾಕೆನ್ ತಪಾಸಣೆ, ಆಗ 37,800 ಯೆನ್ ತೂಕದ ತೆರಿಗೆ. ಹಳೆಯ ಗಾಡಿಯನ್ನು ಚೆನ್ನಾಗಿ ಇಟ್ಟುಕೊಂಡವರಿಗೆ ದಂಡ ಹಾಕಿದ ಹಾಗಿದೆ ಇದು. ನನಗೆ ಒಪ್ಪಿಗೆ ಇಲ್ಲ, ಆದರೂ ಕಟ್ಟುತ್ತೇನೆ.

ಈ ಗಾಡಿಯಲ್ಲಿ ನಿದ್ದೆ ಕೆಡಿಸುವುದು ಎಂಜಿನ್ ಅಲ್ಲ, ನೀರು. ಎಂಜಿನ್ ನಮ್ಮ ಬೆನ್ನ ಹಿಂದೆ, ರೇಡಿಯೇಟರ್ ಮೂಗಿನಲ್ಲಿ. ಕೂಲಂಟ್ ಗಾಡಿಯ ಉದ್ದಕ್ಕೂ ಹೋಗಿ ಬರಬೇಕು. ದಾರಿಯಲ್ಲಿ ದೊಡ್ಡದು ಚಿಕ್ಕದು ಸೇರಿ ರಾಶಿ ರಬ್ಬರ್ ಹೋಸುಗಳಿವೆ. 2016ರ ಶರತ್ಕಾಲದಲ್ಲಿ ಮೊಟೆಗಿಯಿಂದ ವಾಪಸ್ ಬರುವಾಗ ಟೆಂಪರೇಚರ್ ಮುಳ್ಳು ಕೂದಲೆಳೆಯಷ್ಟು ಮೇಲೆ ಹೋಯಿತು. ಗಾಡಿ ಪಕ್ಕಕ್ಕೆ ಹಾಕಿ ತಕ್ಷಣ ಆಫ್ ಮಾಡಿದೆ. ಎಂಜಿನ್ ಪಕ್ಕದ ಒಂದು ಹೋಸು ಸೀಳಿತ್ತು. ಅಲ್ಯೂಮಿನಿಯಂ ಎಂಜಿನ್, ಇನ್ನು ಐದು ನಿಮಿಷ ಓಡಿಸಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು.

ಒಂದು ವರ್ಕ್‌ಶಾಪಿನಲ್ಲಿ ಆ ಒಂದು ಹೋಸು ಮಾತ್ರ ಬದಲಿಸಿ ಕೊಟ್ಟರು. ಎರಡು ವಾರಕ್ಕೆ ಮುಳ್ಳು ಮತ್ತೆ ಏರಿತು. ಒಳಗೆ ಗಾಳಿ ಉಳಿದಿತ್ತು. ಆಮೇಲೆ ನಾನೇ ಕಲಿತೆ. ಗೆಳೆಯನೊಬ್ಬನ ಶೆಡ್ಡಿನಲ್ಲಿ ಮೂರು ಭಾನುವಾರ ಕೂತು ಎಲ್ಲ ಹೋಸುಗಳನ್ನೂ ಬದಲಿಸಿದೆವು. ಗಾಳಿ ತೆಗೆಯಲು ಈ ಗಾಡಿಯಲ್ಲಿ ಒಂದೇ ಕಡೆ ಬೋಲ್ಟು ಬಿಚ್ಚಿದರೆ ಸಾಲದು. ಮುಂದೆ ರೇಡಿಯೇಟರಿನಲ್ಲಿ, ಹೀಟರ್ ಪೈಪಿನಲ್ಲಿ, ಹಿಂದೆ ಥರ್ಮೋಸ್ಟಾಟ್ ಹತ್ತಿರ, ಒಂದೊಂದು ಕಡೆಯೂ ಗುಳ್ಳೆ ನಿಂತು ನೀರು ಒಂದೇ ಧಾರೆಯಾಗಿ ಬರುವ ತನಕ ಕಾಯಬೇಕು. ಹೀಟರ್ ಪೂರ್ತಿ ಬಿಸಿಗೆ ಇಡಬೇಕು. ಅವಸರ ಮಾಡಿದರೆ ಕೆಟ್ಟಿತು. ಅವತ್ತಿನಿಂದ ಇವತ್ತಿನವರೆಗೆ ಮುಳ್ಳು ಅಲ್ಲಾಡಿಲ್ಲ. ಯಾರಾದರೂ ಹಳೆಯ ಎನ್‌ಎಸ್‌ಎಕ್ಸ್ ಕೊಂಡರೆ ಮೊದಲ ತಿಂಗಳಲ್ಲೇ ಈ ಕೆಲಸ ಮಾಡಿಸಿಕೊಳ್ಳಿ. ಪಾಲಿಶ್, ವ್ಹೀಲು ಎಲ್ಲ ಆಮೇಲೆ.

ಟೈಮಿಂಗ್ ಬೆಲ್ಟಿನದೂ ಇದೇ ಕಥೆ. ಅದು ರಬ್ಬರು. ಕಡಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಓಡಿದ ಕಿಲೋಮೀಟರ್ ಕಡಿಮೆ ಅಂತ ಮುಂದೂಡಬಾರದು, ವರ್ಷ ಲೆಕ್ಕ ಹಾಕಬೇಕು. ವಾಟರ್ ಪಂಪನ್ನೂ ಅದರ ಜೊತೆಗೇ ಬದಲಿಸಿದೆ.

ಎಸಿ ಇಲ್ಲದಿರುವುದು ಬೇಸಿಗೆಯಲ್ಲಿ ಕಷ್ಟವೇ. ಅದಕ್ಕಿಂತ ಕಷ್ಟ ಜೂನ್ ತಿಂಗಳ ಮಳೆಗಾಲ. ಗಾಜು ಮಂಜು ಕಟ್ಟಿಕೊಂಡು ಎದುರು ಕಾಣುವುದಿಲ್ಲ. ಈ ಗಾಡಿಗೆ ಎಸಿ ಆಪ್ಷನ್ ಇತ್ತು, ಈಗಲೂ ಭಾಗ ಹುಡುಕಿ ಹಾಕಿಸಬಹುದು. ಹೆಂಡತಿಯೂ ಒಮ್ಮೆ ಹೇಳಿ ನೋಡಿದಳು. ಆದರೆ ತೆಗೆದ ತೂಕವನ್ನು ನಾನು ಮತ್ತೆ ಹಾಕಲು ಶುರು ಮಾಡಿದರೆ ಎಲ್ಲಿಗೆ ನಿಲ್ಲಿಸಲಿ? ಇವತ್ತು ಎಸಿ, ನಾಳೆ ಸ್ಪೀಕರ್, ನಾಡಿದ್ದು ಕಾರ್ಪೆಟ್ ಕೆಳಗಿನ ಹಾಳೆ. ಹಾಗಾಗಿ ಜೂನ್ ನಡುವಿನಿಂದ ಸೆಪ್ಟೆಂಬರ್ ತನಕ ಗಾಡಿಯನ್ನು ಬೆಳಗಿನ ಐದು ಗಂಟೆಗೆ ಮಾತ್ರ ಹೊರಗೆ ತೆಗೆಯುತ್ತೇನೆ.

ಟ್ರ್ಯಾಕಿನ ವಿಷಯಕ್ಕೆ ಬರುತ್ತೇನೆ. ಮೊಟೆಗಿ ಮನೆಯಿಂದ ಒಂದು ಗಂಟೆ ದಾರಿ. 4.8 ಕಿ.ಮೀ. ಸುತ್ತು. ಇಳಿಜಾರಿನ ಉದ್ದ ನೇರದಾರಿ ಮುಗಿಯುವುದು ಒಂದು 90 ಡಿಗ್ರಿ ತಿರುವಿನಲ್ಲಿ. ಅಲ್ಲಿ ಈ ಗಾಡಿಯ ಬ್ರೇಕ್ ಸುಸ್ತಾಗುತ್ತದೆ. ಡಿಸ್ಕುಗಳು 282 ಮಿಲಿಮೀಟರ್ ಅಷ್ಟೇ, ಇವತ್ತಿನ ಲೆಕ್ಕಕ್ಕೆ ಚಿಕ್ಕವು. ಮೊದಲ ವರ್ಷ ನಾಲ್ಕನೇ ಸುತ್ತಿಗೇ ಪೆಡಲ್ ಮೆತ್ತಗಾಗಿ ಕಾಲು ಒಳಗೆ ಹೋಯಿತು. ಫ್ಲೂಯಿಡ್ ಕುದಿದಿತ್ತು. ಈಗ ಪ್ರತಿ ಟ್ರ್ಯಾಕ್ ದಿನಕ್ಕೂ ಮೊದಲು ಹೊಸ ಫ್ಲೂಯಿಡ್ ಹಾಕುತ್ತೇನೆ. ಮೂರು ಸುತ್ತು ಜೋರಾಗಿ, ಒಂದು ಸುತ್ತು ಬ್ರೇಕ್ ಮುಟ್ಟದೆ ನಿಧಾನ. ದೊಡ್ಡ ಬ್ರೇಕ್ ಹಾಕಿಸು ಅನ್ನುವವರು ಇದ್ದಾರೆ. ಆದರೆ ಅದಕ್ಕೆ ದೊಡ್ಡ ವ್ಹೀಲು ಬೇಕು. ಮುಂದೆ 15, ಹಿಂದೆ 16 ಇಂಚಿನ ಈ ಹಗುರ ವ್ಹೀಲುಗಳನ್ನು ನಾನು ಬಿಡುವುದಿಲ್ಲ. ಸ್ಟೇರಿಂಗಿನಲ್ಲಿ ರಸ್ತೆಯ ಒಂದೊಂದು ಗೀರೂ ಕೈಗೆ ತಿಳಿಯುವುದು ಅವುಗಳಿಂದಲೇ.

ನನಗೆ ನಿಜವಾದ ಪಾಠ ಆಗಿದ್ದು ಇಬಾರಕಿಯ ತ್ಸುಕುಬಾದಲ್ಲಿ. ಚಿಕ್ಕ ಟ್ರ್ಯಾಕ್, 2.045 ಕಿ.ಮೀ. ಕೊನೆಯ ತಿರುವು ಬಲಕ್ಕೆ ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ. ಸಣ್ಣಗೆ ಹನಿಯುತ್ತಿತ್ತು. ತಿರುವಿನ ನಡುವೆ ಎದುರು ಒಂದು ನಿಧಾನದ ಕಾರು ಕಂಡಿತು. ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದುಬಿಟ್ಟೆ. ಎಂಜಿನ್ ಹಿಂದಿರುವ ಗಾಡಿಯಲ್ಲಿ ಹಾಗೆ ಮಾಡಬಾರದು. ಭಾರ ಮುಂದಕ್ಕೆ ಜಾರಿತು, ಹಿಂದಿನ ಟೈರು ಹಿಡಿತ ಬಿಟ್ಟಿತು, ಬೆನ್ನ ಹಿಂದಿನ ಎಂಜಿನ್ ಲೋಲಕದ ಹಾಗೆ ಗಾಡಿಯನ್ನು ಬೀಸಿ ಎಸೆಯಿತು. ಒಂದೂವರೆ ಸುತ್ತು ತಿರುಗಿ ಹುಲ್ಲಿನ ಮೇಲೆ ನಿಂತೆ. ಗಾಡಿಗೆ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ಅರ್ಧ ಗಂಟೆ ನಡುಗುತ್ತಿತ್ತು.

ಟೈಪ್ ಆರ್‌ನಲ್ಲಿ ಇದೇ ಅಪಾಯ ತಗ್ಗಿಸಲೆಂದು ಮುಂದಿನ ಸ್ಪ್ರಿಂಗು, ತಿರುವಿನಲ್ಲಿ ಗಾಡಿ ವಾಲದ ಹಾಗೆ ತಡೆಯುವ ಆಂಟಿ-ರೋಲ್ ಬಾರನ್ನು ಬಹಳ ಬಿಗಿ ಮಾಡಿದ್ದಾರೆ. ಮೂಗು ಮೊದಲು ಸ್ವಲ್ಪ ಹೊರಗೆ ಜಾರಿ ಎಚ್ಚರಿಸಲಿ, ಹಿಂಬದಿ ಥಟ್ಟನೆ ತಿರುಗದಿರಲಿ ಅಂತ. ಅದನ್ನು ಓದಿ ನಂಬಿಕೊಂಡಿದ್ದೆ. ಅದು ಅಪಾಯವನ್ನು ದೂರ ಸರಿಸುತ್ತದೆ ಅಷ್ಟೇ, ಅಳಿಸುವುದಿಲ್ಲ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ವರ್ಷಗಟ್ಟಲೆ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಹತ್ತಿದವರು. ಬೈಯುತ್ತಾರೆ ಅಂದುಕೊಂಡಿದ್ದೆ. "ತಿರುವು ಬರೋಕೆ ಮುಂಚೆನೇ ಲೆಕ್ಕ ಮುಗಿಸ್ಬೇಕು ಕಣೋ. ಒಳಗೆ ಹೋದ್ಮೇಲೆ ಕಾಲು ಅಲ್ಲಾಡಿಸಬಾರದು" ಅಂದರು. ಎಂಜಿನ್ ಮುಂದಿರಲಿ ಹಿಂದಿರಲಿ, ಜನ ತುಂಬಿದ ಬಸ್ಸಾದರೂ ಅಷ್ಟೇ ಅಂದರು.

ಸುಜುಕಾ ರೇಸ್ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಐರ್ಟನ್ ಸೆನ್ನಾ ಲೋಫರ್ ಬೂಟು ಹಾಕಿಕೊಂಡು ಇದೇ ಮಾದರಿಯ ಗಾಡಿ ಓಡಿಸುವ ವಿಡಿಯೋ ಬಹಳ ಜನ ನೋಡಿದ್ದಾರೆ. ನಾನು ಆಮೇಲೆ ಬರೀ ಅವರ ಬಲಗಾಲನ್ನು ನೋಡಲು ಶುರು ಮಾಡಿದೆ. ತಿರುವಿನ ನಡುವೆ ಆ ಕಾಲು ಆಕ್ಸಿಲರೇಟರನ್ನು ಚಿಕ್ಕಚಿಕ್ಕದಾಗಿ ತಟ್ಟುತ್ತಲೇ ಇರುತ್ತದೆ. ಅಷ್ಟು ಚುರುಕು ನನ್ನಿಂದ ಸಾಧ್ಯವಿಲ್ಲ. ಆದರೆ ಕಾಲನ್ನು ಪೂರ್ತಿ ತೆಗೆಯದೆ ಅರೆಬರೆ ಒತ್ತಿ ಹಿಡಿಯುವುದನ್ನು ಎರಡು ವರ್ಷ ಅಭ್ಯಾಸ ಮಾಡಿದೆ. ಈಗ ಅದೇ ತಿರುವಿನಲ್ಲಿ ಹಿಂದಿನ ಟೈರು ನೆಲಕ್ಕೆ ಒತ್ತಿಕೊಳ್ಳುವುದು ಸೀಟಿನಲ್ಲೇ ತಿಳಿಯುತ್ತದೆ. ಗಾಡಿ ನೇರವಾಗುತ್ತಿದ್ದ ಹಾಗೆ ಪೂರ್ತಿ ಒತ್ತುತ್ತೇನೆ. 5800 ಆರ್‌ಪಿಎಂ ಹತ್ತಿರ ವಾಲ್ವು ತೆರೆಯುವ ರೀತಿಯನ್ನೇ ಬದಲಿಸುವ ವಿಟೆಕ್ ಶುರುವಾಗಿ ಎಂಜಿನ್ನಿನ ದನಿಯೇ ಬೇರೆಯಾಗುತ್ತದೆ. ಅಲ್ಲಿಂದ 8000ದವರೆಗಿನ ಆ ಕೂಗು ತಡೆಯಿಲ್ಲದೆ ಕಿವಿಗೆ ಬೀಳುತ್ತದೆ. ರೇಡಿಯೋ ಯಾಕೆ ತೆಗೆದರು ಅಂತ ಆಗ ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ 25 ವರ್ಷ ತುಂಬಿದ ವಿದೇಶಿ ಗಾಡಿ ತರಿಸಿಕೊಳ್ಳಲು ಅವಕಾಶ ಇದೆ. 2017ರಿಂದ ಟೈಪ್ ಆರ್ ಆ ಲೆಕ್ಕಕ್ಕೆ ಬಂತು, ಬೆಲೆ ನಾನು ಕನಸಿನಲ್ಲೂ ಎಣಿಸದಷ್ಟು ಏರಿತು. "ಇನ್ನು ಟ್ರ್ಯಾಕಿಗೆ ಒಯ್ಯಬೇಡ, ಮುಚ್ಚಿಡು" ಅನ್ನುವ ಸಲಹೆ ಬರುತ್ತಲೇ ಇದೆ. ಊರಿಗೆ ತಗೊಂಡು ಬಾ ಅನ್ನುವವರೂ ಇದ್ದಾರೆ. ಮೂರು ವರ್ಷಕ್ಕಿಂತ ಹಳೆಯ ಬಳಸಿದ ಕಾರನ್ನು ಸಾಮಾನ್ಯವಾಗಿ ಭಾರತಕ್ಕೆ ತರಲು ನಿಯಮದಲ್ಲಿ ದಾರಿ ಇಲ್ಲ. ಮುಚ್ಚಿಡುವುದೂ ನನಗೆ ಆಗದ ಮಾತು. 120 ಕಿಲೋ ತೆಗೆಯಲು ಒಂದೊಂದು ಗ್ರಾಂ ಎಣಿಸಿದ ಎಂಜಿನಿಯರುಗಳು ಅದನ್ನು ಬಟ್ಟೆ ಹೊದಿಸಿ ಇಡಲಿ ಅಂತ ಮಾಡಿದ್ದಲ್ಲ ಅಲ್ವಾ? ಒಂದನ್ನು ಮಾತ್ರ ಬದಲಿಸಿದ್ದೇನೆ. ವರ್ಷಕ್ಕೆ ಎಂಟು ಸಲ ಹೋಗುತ್ತಿದ್ದವನು ಈಗ ನಾಲ್ಕು ಸಲ ಹೋಗುತ್ತೇನೆ, ಒದ್ದೆ ಇದ್ದರೆ ವಾಪಸ್ ಬರುತ್ತೇನೆ.

ಎರಡು ವರ್ಷದ ಹಿಂದೆ ಅಪ್ಪ ಅಮ್ಮ ಇಲ್ಲಿಗೆ ಬಂದಿದ್ದರು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊಟೆಗಿಯ ಬೆಟ್ಟದ ರಸ್ತೆಯಲ್ಲಿ ಹೋದೆ. ಆ ಸೀಟಿಗೆ ಇಳಿಯಲು ಅವರಿಗೆ ಮೊಣಕಾಲು ನೋವಾಯಿತು. ದಾರಿಯುದ್ದಕ್ಕೂ ಮಾತಾಡಲಿಲ್ಲ, ನನ್ನ ಕಾಲನ್ನೇ ನೋಡುತ್ತಿದ್ದರು. ಇಳಿದ ಮೇಲೆ ಗೇರ್ ಗುಂಡನ್ನು ಒಮ್ಮೆ ಮುಟ್ಟಿ, "ಚಳಿಗಾಲದಲ್ಲಿ ಕೈಗೆ ತಣ್ಣಗೆ ಕೊರೆಯಲ್ವೇನೋ ಇದು?" ಅಂದರು. ಕೊರೆಯುತ್ತದೆ. ಜನವರಿಯಲ್ಲಿ ಮೊದಲ ಹತ್ತು ನಿಮಿಷ ಮುಟ್ಟಲು ಆಗುವುದಿಲ್ಲ.

ಓಡೋಮೀಟರ್ ಈಗ 1,12,000 ದಾಟಿದೆ. ಹಿಂದಿನ ಟೈರುಗಳ ಒಳ ಅಂಚು ಮತ್ತೆ ಸವೆದಿದೆ, ಈ ಗಾಡಿಗೆ ಅದು ಮಾಮೂಲಿ. 225/50 ಅಳತೆಯ ಹೊಸ ಜೋಡಿ ಹೇಳಿಟ್ಟಿದ್ದೇನೆ. ನವೆಂಬರಿನಲ್ಲಿ ಮೊಟೆಗಿಯಲ್ಲಿ ಅರ್ಧ ದಿನ ಬುಕ್ ಆಗಿದೆ. ಬ್ರೇಕ್ ಫ್ಲೂಯಿಡ್ ಬಾಟಲಿ ಶೆಲ್ಫಿನ ಮೇಲೆ ಕೂತಿದೆ, ಮುಂದಿನ ಭಾನುವಾರ ಹಾಕಬೇಕು.